ಉಬ್ಬು ಇಳಿದಾಗ

ರಿಪ್ಪನ್‌ಪೇಟೆಯಿಂದ ಶಿವಮೊಗ್ಗಕ್ಕೆ ಎಷ್ಟು ಹಂಪ್ಸು
ಅಂತ ನನ್ನ ಯಾರೂ ಕೇಳಿರಲಿಲ್ಲ ಆವರೆಗೆ.
ಇಪ್ಪತ್ತಾರು. ಶಾಲೆ ಮುಂದಿನ ಜೋಡಿಯನ್ನು
ಒಂದೇ ಅಂತ ಹಿಡಿದರೆ.

ಹಿಂದಿನ ಸೀಟಿನಲ್ಲಿ ವಾರಿಜ, ಮಂಡಿ ಮಡಚಿ,
ಡೈರಿಯ ನೀಲಿ ಏಪ್ರನ್ನು ಇನ್ನೂ ಬಿಚ್ಚದೆ.
ದಿನಾ ಎರಡು ಹೊತ್ತು ಊರಿನ ಹಾಲಿಗೆಲ್ಲ
ಲ್ಯಾಕ್ಟೋಮೀಟರ್ ಇಳಿಬಿಟ್ಟು, ಕಣ್ಣು ಕಿರಿದು ಮಾಡಿ
"ಇಪ್ಪತ್ನಾಲ್ಕು. ನೀರು ಹೆಚ್ಚಾಯ್ತು ಇಲಿಯಾಸಣ್ಣ" ಅಂದು
ನನ್ನ ಕ್ಯಾನನ್ನೇ ಎರಡು ಸಲ ವಾಪಸ್ಸು ಕಳಿಸಿದವಳು.
(ಒಂದು ಸಲ ನೀರಿತ್ತು. ಇನ್ನೊಂದು ಸಲ, ಆಣೆ, ಇರಲಿಲ್ಲ.)

ಬೆಳಿಗ್ಗೆ ನೋವು ಹೊಕ್ಕುಳ ಸುತ್ತ ಇತ್ತಂತೆ,
ಗ್ಯಾಸು ಅಂತ ಜೀರಿಗೆ ಕಷಾಯ ಕುಡಿದಳಂತೆ.
ಸಂಜೆಗೆ ಅದು ಗಂಟುಮೂಟೆ ಕಟ್ಟಿ
ಬಲಗಡೆ, ಕೆಳಕ್ಕೆ, ಬಿಡಾರ ಬದಲಿಸಿತ್ತು.
ವಾಂತಿ ಒಂದು. ಊಟ ಸೇರಲಿಲ್ಲ. ಮೈ ಬೆಚ್ಚಗೆ.
ಜೊತೆಗೆ ಬಂದ ಅತ್ತಿಗೆ ಅರಸಾಳಿನವರೆಗೂ
ಯಾರ ಕಣ್ಣು ತಾಗಿರಬಹುದು ಅಂತ ಹೆಸರು ಎಣಿಸುತ್ತಿದ್ದಳು.

ಆಸ್ಪತ್ರೆ ಬಾಗಿಲಲ್ಲಿ ಮೊದಲು ನನ್ನನ್ನೇ ಹಿಡಿದರು:
"ನೀವು ಏನಾಗಬೇಕು?"
"ಓಮ್ನಿ."
ಸಿಸ್ಟರು ನಗಲಿಲ್ಲ.

ರಕ್ತ ತೆಗೆದರು. ಉಚ್ಚೆಗೆ ಪುಟ್ಟ ಡಬ್ಬಿ ಕೊಟ್ಟರು.
"ಮುಟ್ಟಾಗಿ ಎಷ್ಟು ದಿನ? ಮದುವೆ ಆಗಿದೆಯಾ?"
ಪರದೆಯಾಚೆ ಅತ್ತಿಗೆಯ ಬಳೆ ಸದ್ದು ನಿಂತಿತು.
ನಾನು ಕಾರಿಡಾರಿಗೆ ಹೋಗಿ, ಬೆಂಕಿ ಆರಿಸುವ
ಕೆಂಪು ಸಿಲಿಂಡರಿನ ಮೇಲಿನ ತಾರೀಖು ಓದಿದೆ, ಮೂರು ಸಲ.
ಒಂದೇ ಗೆರೆ ಬಂತಂತೆ. ಅತ್ತಿಗೆ ಉಸಿರು ಬಿಟ್ಟಳು.
ಆ ಉಸಿರು ವಾರಿಜಳಿಗೂ ಕೇಳಿಸಿತು.
ಆ ರಾತ್ರಿ ಅವಳಿಗೆ ಎಲ್ಲಿ ಹೆಚ್ಚು ನೋಯಿತೋ
ನಾನು ಹೇಳಲಾರೆ.

ಬಿಳಿ ಕಣ ಹದಿನಾಲ್ಕು ಸಾವಿರದ ಮೇಲೆ.
"ಜಾಸ್ತಿ ಇದೆ. ಆದರೆ ಅದೊಂದರಿಂದ ಹೇಳೋಕಾಗಲ್ಲ."
ಸ್ಕ್ಯಾನಿನವರು ತಣ್ಣನೆ ಜೆಲ್ಲು ಹಚ್ಚಿ
ಇಪ್ಪತ್ತು ನಿಮಿಷ ತಡಕಾಡಿದರು. ಕರುಳಿನ ಗಾಳಿ ಅಡ್ಡ.
ವರದಿ: ಅಪೆಂಡಿಕ್ಸ್ ಕಾಣಿಸಲಿಲ್ಲ.
"ಹಾಗಾದ್ರೆ ಅದಲ್ಲ ಅಂತಲಾ?" ಅತ್ತಿಗೆ ಕೇಳಿದಳು.
"ಕಾಣಿಸಲಿಲ್ಲ ಅಂದ್ರೆ ಕಾಣಿಸಲಿಲ್ಲ, ಅಷ್ಟೇ."
ಈ ಮಾತನ್ನು ಡೈರಿಯ ಗೋಡೆ ಮೇಲೂ ಬರೆಸಬೇಕು.

ಹನ್ನೊಂದೂವರೆಗೆ ಸರ್ಜನ್ ಮೇಡಂ.
ಗಿಡ್ಡ ಆಳು, ಕಾಲಿಗೆ ಹವಾಯಿ ಚಪ್ಪಲಿ.
ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಪರದೆಯೊಳಗೆ ಹೋದರು.
ಒಂದು ಬೆರಳಲ್ಲಿ ತೋರಿಸಮ್ಮಾ ಅಂದರು.
ಒತ್ತಿರಬೇಕು, ಸದ್ದಿಲ್ಲ.
ಫಕ್ಕನೆ ಕೈ ತೆಗೆದಿರಬೇಕು,
ಆ ಕೂಗು ನನಗೆ ಗುರುತು ಹತ್ತಿತು.

ಹೊರಗೆ ಬಂದು, "ಗಾಡಿ ಯಾರದ್ದು?"
ಅಡ್ಡ ನಿಲ್ಲಿಸಿದ್ದಕ್ಕೆ ಬೈಗುಳ ಅಂದುಕೊಂಡು ಎದ್ದೆ.
"ದಾರೀಲಿ ಹಂಪ್ ಬಂದಾಗ ಏನು ಮಾಡಿದಳು?"
"ಹತ್ತುವಾಗ ಸುಮ್ಮನಿದ್ದಳು ಮೇಡಂ.
ಹಿಂದಿನ ಚಕ್ರ ದಡ್ ಅಂತ ಇಳಿಯುತ್ತಲ್ಲ,
ಆಗ ಕೂಗಿದಳು."
"ಎಷ್ಟು ಸಲ?"
"ಇಪ್ಪತ್ತಾರು."
ಬರೆದುಕೊಂಡರು. ಹದಿನೆಂಟು ವರ್ಷ ಗಾಡಿ ಹೊಡೆದಿದ್ದೇನೆ,
ಪೊಲೀಸರು ಬಿಟ್ಟರೆ ನನ್ನ ಮಾತನ್ನು
ಬರೆದುಕೊಂಡವರು ಇವರೊಬ್ಬರೇ.

"ಸೀಟಿ ಮಾಡಿಸೋಣವಾ?" ಎಳೆ ಡಾಕ್ಟರು ಕೇಳಿದ.
ಮೇಡಂ ಗೋಡೆ ಗಡಿಯಾರ ನೋಡಿದರು, ಚಪ್ಪಲಿ ನೋಡಿದರು.
"ಬೇಡ. ಥಿಯೇಟರ್ ರೆಡಿ ಮಾಡಿ.
ತಪ್ಪಾದರೆ ನನ್ನ ತಪ್ಪು."
ಹೀಗೆ ಅನ್ನುವವರನ್ನು ನಾನು ಹೆಚ್ಚು ಕಂಡಿಲ್ಲ.

ನಾಲ್ಕಕ್ಕೆ ಹೊರಟೆ, ಒಳಗಿನ ಸುದ್ದಿ ಬರುವ ಮೊದಲೇ.
ಆಯನೂರಿನಲ್ಲಿ ಫೋನು, ಡೈರಿ ಸೆಕ್ರೆಟರಿ:
"ಬೆಳಿಗ್ಗೆ ಹಾಲು ನೋಡೋರು ಯಾರು ಮಾರಾಯ?"
ಇವತ್ತು ಎಲ್ಲರ ಕ್ಯಾನಿಗೂ ನೀರು, ಅಂದುಕೊಂಡೆ.

ಖಾಲಿ ಗಾಡಿ. ಆದರೂ ಪ್ರತಿ ಹಂಪಿಗೂ
ಎರಡನೇ ಗೇರಿಗೆ ಇಳಿಸಿದೆ.
ಹತ್ತಿತು.
ಇಳಿಯುವಾಗ ಕಿವಿ ತಾನಾಗಿ ಹಿಂದಕ್ಕೆ ಹೋಯಿತು.